ಬಲ್ಬ್ ಇದ್ದ ಕಡೆಯೇ ಪ್ಯಾನಲ್ ಇರಬೇಕಾ? ಹೊಯ್ಸಳರ ಗುಡಿ, ಹೆಂಚಿನ ಮನೆ ಮತ್ತು ಸೋಲಾರ್

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದಾಗಿ ಐದು ತಿಂಗಳಿಗೆ, 2024ರ ಫೆಬ್ರುವರಿಯಲ್ಲಿ, ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ ಶುರುವಾಯಿತು. ಮನೆ ಮೇಲೆ ಸೋಲಾರ್ ಹಾಕಿಸಿದರೆ 78,000 ರೂಪಾಯಿವರೆಗೆ ಸಬ್ಸಿಡಿ. ಹಳೆಯದನ್ನು ಹಾಗೇ ಉಳಿಸಿ ಅನ್ನೋ ಮಾತು, ಚಾವಣಿ ಮೇಲೆ ಹೊಸದನ್ನು ಹಾಕಿಸಿ ಅನ್ನೋ ಮಾತು, ಎರಡೂ ಈಗ ಒಂದೇ ಬೀದಿಗೆ ಬಂದಿವೆ.

ಬೇಲೂರಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಹಳೇಬೀಡಿನ ಗುಡಿಗೆ ಸುತ್ತ ಹುಲ್ಲುಹಾಸಿದೆ. ಬೇಲೂರಿನ ಚೆನ್ನಕೇಶವ ಹಾಗಲ್ಲ, ಊರಿನ ನಡುವೆಯೇ ಇದ್ದಾನೆ. ಗುಡಿಯ ಗೋಡೆ ದಾಟಿದರೆ ಮನೆ, ಅಂಗಡಿ, ಲಾಡ್ಜ್. ಆ ಮನೆಗಳಿಗೂ ಕರೆಂಟ್ ಬಿಲ್ ಬರುತ್ತದೆ ಅಲ್ವಾ? ಅತ್ತ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ನೂರು ವರ್ಷ ದಾಟಿದ ತೊಟ್ಟಿ ಮನೆಗಳಿವೆ, ತೋಟದ ಬಂಗಲೆಗಳಿವೆ. ಸಕಲೇಶಪುರದ ಹತ್ತಿರ ಇರುವ ನಮ್ಮ ದೊಡ್ಡಮ್ಮ ಹೋದ ವರ್ಷ ಫೋನ್ ಮಾಡಿ, "ಅಲ್ಲಾ ಮಗಾ, ಆ ಸೋಲಾರು ನಮ್ಮ ಹೆಂಚಿನ ಮೇಲೆ ಕೂರುತ್ತಾ?" ಎಂದು ಕೇಳಿದರು. ಒಂದೇ ಸಾಲಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ.

ಮೊದಲು ಸೋಲಾರ್ ಲೆಕ್ಕ

ಪ್ಯಾನಲ್ ಮೇಲೆ ಬಿಸಿಲು ಬಿದ್ದರೆ ಕರೆಂಟ್ ಹುಟ್ಟುತ್ತದೆ. ಅದು ಬ್ಯಾಟರಿಯಲ್ಲಿರುವಂಥ ಡಿಸಿ ಕರೆಂಟ್. ಮನೆಯ ಫ್ಯಾನು, ಮಿಕ್ಸಿ ಓಡುವುದು ಎಸಿ ಕರೆಂಟಿನಲ್ಲಿ. ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆಯೇ ಇನ್ವರ್ಟರ್. ಕರೆಂಟ್ ಹೋದಾಗ ಬಳಸುವ ಬ್ಯಾಟರಿ ಇನ್ವರ್ಟರ್ ಬೇರೆ, ಇದು ಬೇರೆ.

1 ಕಿಲೋವ್ಯಾಟ್ ಸೋಲಾರ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೆ ಬಿಸಿಲಿನ ದಿನ ಅದು ಸುಮಾರು 4 ಯೂನಿಟ್ ಕೊಡುತ್ತದೆ. ಸಾಮಾನ್ಯ ಮನೆಗೆ 2ರಿಂದ 3 ಕಿಲೋವ್ಯಾಟ್ ಸಾಕು. ಸೂರ್ಯಘರ್ ಸಬ್ಸಿಡಿಯೂ ಹಾಗೇ ಇದೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅದಕ್ಕಿಂತ ಜಾಸ್ತಿ ಹಾಕಿಸಿದರೂ ಸಬ್ಸಿಡಿ 78,000ಕ್ಕೆ ನಿಲ್ಲುತ್ತದೆ. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿರುವ ಮನೆಯವರು ಹಣದ ಲೆಕ್ಕವನ್ನು ಎರಡು ಸಲ ಹಾಕಿ ನೋಡಬೇಕು.

ಹಗಲು ಹುಟ್ಟಿದ ಕರೆಂಟನ್ನು ರಾತ್ರಿಗೆ ಇಟ್ಟುಕೊಳ್ಳುವುದು ಹೇಗೆ? ಹೆಚ್ಚಿನವರು ಇಟ್ಟುಕೊಳ್ಳುವುದೇ ಇಲ್ಲ. ಮಿಕ್ಕಿದ್ದು ಕಂಬದ ಲೈನಿಗೆ ಹೋಗುತ್ತದೆ. ರಾತ್ರಿ ಅದೇ ಲೈನಿಂದ ವಾಪಸ್ ಬರುತ್ತದೆ. ಡೈರಿಗೆ ಹಾಲು ಹಾಕುತ್ತೇವೆ, ಅಲ್ಲೇ ಪಶು ಆಹಾರದ ಮೂಟೆ ತರುತ್ತೇವೆ, ಬಟವಾಡೆ ದಿನ ಎರಡನ್ನೂ ಕಳೆದು ಲೆಕ್ಕ ಹರಿಯುತ್ತದೆ. ಇದೂ ಹಾಗೇ. ಈ ಲೆಕ್ಕಕ್ಕೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಹಾಸನ ಜಿಲ್ಲೆಯಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ಈ ಮೀಟರ್ ಕೂರಿಸುತ್ತವೆ.

ಇಲ್ಲಿ ಒಂದು ವಿಷಯ ಗಮನಿಸಿ. ಕರೆಂಟ್ ವೈರಿನಲ್ಲಿ ಓಡಾಡುತ್ತದೆ. ಬಲ್ಬ್ ಉರಿಯುವ ಚಾವಣಿಯ ಮೇಲೇ ಪ್ಯಾನಲ್ ಇರಬೇಕು ಅಂತೇನಿಲ್ಲ. ಹಳೇ ಕಟ್ಟಡದ ವಿಷಯದಲ್ಲಿ ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಗುಡಿಯ ಕಲ್ಲಿಗೆ ಏನು ತೊಂದರೆ?

ಬೇಲೂರು, ಹಳೇಬೀಡಿನ ಶಿಲ್ಪ ಕಡೆದಿರುವುದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೃದುವಾಗಿರುವ ಕಲ್ಲು ಅದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಮದನಿಕೆಯ ಬಳೆಯನ್ನೂ ಬಿಡಿಸಿ ಕಡೆಯಲು ಸಾಧ್ಯವಾಯಿತು. ಅಷ್ಟು ನಯವಾದ ಕೆಲಸದ ಹತ್ತಿರ ಡ್ರಿಲ್ಲಿಂಗ್ ಮಿಷನ್ ಓಡಿಸುವುದನ್ನು ಯೋಚಿಸಿದರೇ ನನಗೆ ಕಷ್ಟವಾಗುತ್ತದೆ.

ಡ್ರಿಲ್ ಮಾಡಿದ ದಿನವೇ ಎಲ್ಲ ಮುಗಿಯುವುದೂ ಇಲ್ಲ. ಮಲೆನಾಡಿನ ಮನೆಯ ಗೋಡೆಗೆ ಹೊಡೆದ ಕಬ್ಬಿಣದ ಮೊಳೆಯನ್ನು ನಾಲ್ಕು ಮಳೆಗಾಲ ಕಳೆದ ಮೇಲೆ ನೋಡಿ. ಸುತ್ತ ಕೆಂಪು ಕಲೆ. ಗಾರೆ ಉಬ್ಬಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತದೆ, ಒಳಗಿಂದ ತಳ್ಳುತ್ತದೆ. ಗೋಡೆಯಾದರೆ ಮತ್ತೆ ಗಾರೆ ಹಚ್ಚಬಹುದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯ ಕಲ್ಲು ಬಿರಿದರೆ ಏನು ಹಚ್ಚುವುದು? ಬೋಲ್ಟಿನ ತೂತಿನಲ್ಲಿ ನೀರು ಇಳಿಯಲು ದಾರಿಯೂ ಆಗುತ್ತದೆ. ಒಮ್ಮೆ ಇಳಿದ ನೀರು ಎಲ್ಲಿ ಹೊರಬರುತ್ತದೆ ಎಂದು ಹುಡುಕುವುದು ಬಲು ಕಷ್ಟ.

ಹಳೇ ಕಟ್ಟಡ ಕಾಪಾಡುವವರು ಒಂದು ಅಳತೆಗೋಲು ಇಟ್ಟುಕೊಂಡಿರುತ್ತಾರೆ. ಹೊಸದಾಗಿ ಏನೇ ಸೇರಿಸಿದರೂ, ನಾಳೆ ಅದನ್ನು ಬಿಚ್ಚಿದರೆ ಕಟ್ಟಡ ಮೊದಲಿನಂತೆಯೇ ಇರಬೇಕು. ಮದುವೆ ಮನೆ ಮುಂದೆ ಚಪ್ಪರ ಹಾಕುತ್ತೇವೆ, ಮದುವೆ ಮುಗಿದ ಮೇಲೆ ಬಿಚ್ಚುತ್ತೇವೆ, ಅಂಗಳ ಅಂಗಳವಾಗಿಯೇ ಉಳಿಯುತ್ತದೆ. ಸೋಲಾರ್ ಕೂಡ ಹಳೇ ಕಟ್ಟಡದ ಮೇಲೆ ಚಪ್ಪರದ ಹಾಗಿರಬೇಕು. ಪ್ಯಾನಲ್ ಆಯಸ್ಸು ಸುಮಾರು 25 ವರ್ಷ. ಗುಡಿಯ ವಯಸ್ಸು 900 ದಾಟಿದೆ.

100 ಮೀಟರ್, ಆಮೇಲೆ 200 ಮೀಟರ್

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆಯೊಂದಿದೆ. ಬೇಲೂರು, ಹಳೇಬೀಡು ಮಾತ್ರವಲ್ಲ, ಹಾಸನ ಹತ್ತಿರದ ದೊಡ್ಡಗದ್ದವಳ್ಳಿ, ತರೀಕೆರೆ ಕಡೆಯ ಅಮೃತಾಪುರದ ಗುಡಿಗಳೂ ಇದರಡಿ ಬರುತ್ತವೆ. 2010ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದರು. ಅದರ ಪ್ರಕಾರ ಸ್ಮಾರಕದ ಸುತ್ತ ಎರಡು ಬಳೆ ಬರೆದಿದ್ದಾರೆ ಅಂದುಕೊಳ್ಳಿ.

ಒಳಬಳೆ 100 ಮೀಟರ್. ಇದು ನಿಷೇಧಿತ ಪ್ರದೇಶ. ಇಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಮೊದಲೇ ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಅನುಮತಿ ಕೇಳಬಹುದು. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ಅನುಮತಿ ಪಡೆದು ಕಟ್ಟಬಹುದು. ಅಳೆಯುವುದು ಗುಡಿಯ ಗೋಡೆಯಿಂದಲ್ಲ, ರಕ್ಷಿತ ಜಾಗದ ಗಡಿಯಿಂದ. ತುಂಬಾ ಜನ ಇಲ್ಲೇ ಎಡವುತ್ತಾರೆ. ಅರ್ಜಿಗಳನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಪರಿಶೀಲಿಸುತ್ತದೆ. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ಈ ಬಳೆಯೊಳಗಿನ ಮನೆಯವರು ಸೋಲಾರ್ ಹಾಕಿಸುವಂತೆಯೇ ಇಲ್ಲವಾ? ಕಾಯ್ದೆ ನೋಡುವುದು, ಇದ್ದ ಕಟ್ಟಡವನ್ನು ಮೇಲಕ್ಕೋ ಪಕ್ಕಕ್ಕೋ ಬೆಳೆಸುತ್ತಿದ್ದೀರಾ ಎಂಬುದನ್ನು. ತಾರಸಿ ಮೇಲೆ ಪ್ಯಾರಪೆಟ್ ಗೋಡೆಗಿಂತ ಕೆಳಗೆ ಮಲಗಿಸಿದ ಪ್ಯಾನಲ್ ಒಂದು ಬಗೆ. ಹತ್ತು ಅಡಿ ಎತ್ತರದ ಕಬ್ಬಿಣದ ಕಂಬ ನೆಟ್ಟು, ಕೆಳಗೆ ಬಟ್ಟೆ ಒಣಗಿಸಲು ಜಾಗ ಬಿಟ್ಟು, ಮೇಲೆ ಪ್ಯಾನಲ್ ಕೂರಿಸುವುದು ಇನ್ನೊಂದು ಬಗೆ. ಎರಡನೆಯದು ದೂರದಿಂದ ಇನ್ನೊಂದು ಮಹಡಿಯಂತೆಯೇ ಕಾಣುತ್ತದೆ. ಕಟ್ಟಡದ ಎತ್ತರಕ್ಕೆ ಅನುಮತಿ ಕೊಡುವಾಗ ಪ್ಯಾರಪೆಟ್, ನೀರಿನ ಟ್ಯಾಂಕನ್ನೂ ಎತ್ತರದ ಲೆಕ್ಕಕ್ಕೆ ಸೇರಿಸುತ್ತಾರೆ ಎಂಬುದು ನೆನಪಿರಲಿ. 300 ಮೀಟರ್ ಒಳಗಿರುವವರು ಅಡ್ವಾನ್ಸ್ ಕೊಡುವ ಮುಂಚೆ ಅರ್ಜಿ ಹಾಕಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. "ಏನೂ ಆಗಲ್ಲ ಸರ್, ಎಲ್ಲರೂ ಹಾಕಿಸಿದಾರೆ" ಎಂದು ಅಂಗಡಿಯವರು ಹೇಳುವ ಮಾತು ಅನುಮತಿಯಲ್ಲ.

ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಗುಡಿಯ ಜೊತೆ ಅದರ ಸುತ್ತಲಿನ ನೋಟವೂ ಲೆಕ್ಕಕ್ಕೆ ಬರುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಲ್ಬೆ ನದಿ ಕಣಿವೆಗೆ ಈ ಮಾನ್ಯತೆ ಇತ್ತು. ಕಣಿವೆಗೆ ಅಡ್ಡಲಾಗಿ ದೊಡ್ಡ ಸೇತುವೆ ಕಟ್ಟಲು ಹೊರಟಿದ್ದಕ್ಕೆ 2009ರಲ್ಲಿ ಯುನೆಸ್ಕೋ ಅದನ್ನು ಪಟ್ಟಿಯಿಂದ ತೆಗೆಯಿತು. ಒಂದು ಮನೆಯ ನಾಲ್ಕು ಪ್ಯಾನಲ್‌ಗೂ ಸೇತುವೆಗೂ ಹೋಲಿಕೆ ಇಲ್ಲ, ನಿಜ. ಆದರೆ ಬೇಲೂರಿನ ಗೋಪುರದ ಹಿಂದೆ ನೂರಾರು ನೀಲಿ ಹಲಗೆಗಳು ಬಿಸಿಲಿಗೆ ಹೊಳೆದರೆ ನೋಟ ಬದಲಾಗುತ್ತದೆ ಅಲ್ವಾ?

ಬೇರೆ ಊರುಗಳು ಏನು ಮಾಡಿವೆ

ಗುಜರಾತಿನ ಮೊಢೇರಾದಲ್ಲಿ 11ನೇ ಶತಮಾನದ ಸೂರ್ಯ ದೇವಾಲಯವಿದೆ. 2022ರ ಅಕ್ಟೋಬರ್‌ನಲ್ಲಿ ಆ ಊರನ್ನು ದಿನದ 24 ಗಂಟೆಯೂ ಸೋಲಾರ್‌ನಲ್ಲಿ ನಡೆಯುವ ದೇಶದ ಮೊದಲ ಹಳ್ಳಿ ಎಂದು ಘೋಷಿಸಿದರು. ದೇವಾಲಯದ ಕಲ್ಲಿನ ಮೇಲೆ ಪ್ಯಾನಲ್ ಹಾಕಲಿಲ್ಲ. 6 ಮೆಗಾವ್ಯಾಟ್‌ನ ದೊಡ್ಡ ಘಟಕ ಇರುವುದು ಕೆಲವು ಕಿಲೋಮೀಟರ್ ಆಚೆಯ ಸುಜ್ಜನ್‌ಪುರದ ಬಯಲಿನಲ್ಲಿ. ಹಳ್ಳಿಯ ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ 1 ಕಿಲೋವ್ಯಾಟ್‌ನ ಸಣ್ಣ ಸಣ್ಣ ಘಟಕಗಳಿವೆ.

ವ್ಯಾಟಿಕನ್‌ನಲ್ಲಿ 2008ರಲ್ಲಿ ಸುಮಾರು 2,400 ಪ್ಯಾನಲ್ ಕೂರಿಸಿದರು. ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದ ಮೇಲಲ್ಲ, ಪಕ್ಕದಲ್ಲಿ 1971ರಲ್ಲಿ ಕಟ್ಟಿದ ಸಭಾಭವನದ ಮೇಲೆ. ಇಟಲಿಯ ಪೊಂಪೇ ಎಂಬ ಪುರಾತನ ಊರಿನಲ್ಲಿ ಕೆಂಪು ಹೆಂಚಿನಂತೆಯೇ ಕಾಣುವ ಸೋಲಾರ್ ಹೆಂಚುಗಳನ್ನು ಕೆಲವು ಕಟ್ಟಡಗಳ ಮೇಲೆ ಹೊದಿಸಿದ್ದಾರೆ. ಅವು ಮಾಮೂಲಿ ಪ್ಯಾನಲ್‌ಗಿಂತ ದುಬಾರಿ, ಅಷ್ಟೇ ಜಾಗದಲ್ಲಿ ಕೊಡುವ ಕರೆಂಟೂ ಕಡಿಮೆ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜ್ ಚಾಪೆಲ್‌ನವರು ನೇರವಾಗಿ ಹಳೇ ಕಟ್ಟಡದ ಮೇಲೇ ಹಾಕಿದರು. 1446ರಲ್ಲಿ ಕಟ್ಟಲು ಶುರುಮಾಡಿದ ಪ್ರಾರ್ಥನಾ ಮಂದಿರದ ಮೇಲೆ 2023ರಲ್ಲಿ 438 ಪ್ಯಾನಲ್ ಬಂದವು. ಅದರ ಬಗ್ಗೆ ಅಲ್ಲಿ ಜೋರು ಚರ್ಚೆಯೇ ನಡೆಯಿತು. ಚಾವಣಿಯ ಸೀಸದ ಹೊದಿಕೆ ಹಳತಾಗಿ ಹೇಗೂ ಬದಲಿಸಬೇಕಿತ್ತು. ಸುತ್ತ ಎತ್ತರದ ಕಲ್ಲಿನ ಅಂಚು ಇರುವುದರಿಂದ ನೆಲದಲ್ಲಿ ನಿಂತವರಿಗೆ ಪ್ಯಾನಲ್ ಅಷ್ಟಾಗಿ ಕಾಣುವುದೂ ಇಲ್ಲ. ನಮ್ಮ ಹೊಯ್ಸಳ ಗುಡಿಗಳಿಗೆ ಇದು ಮಾದರಿಯಾಗದು. ಬದಲಿಸಬಹುದಾದ ಹೊದಿಕೆ ಇಲ್ಲಿಲ್ಲ, ಚಾವಣಿಯೇ ಕಲ್ಲು.

ಹೆಂಚಿನ ಮನೆ ಬೇರೆಯೇ ಕತೆ

ಈಗ ದೊಡ್ಡಮ್ಮನ ಪ್ರಶ್ನೆಗೆ ಬರೋಣ. ತೊಟ್ಟಿ ಮನೆ, ತೋಟದ ಬಂಗಲೆಗಳಲ್ಲಿ ಹೆಚ್ಚಿನವಕ್ಕೆ ಯಾವ ಕಾಯ್ದೆಯ ರಕ್ಷಣೆಯೂ ಇಲ್ಲ. ಏನು ಮಾಡಬೇಕು ಅನ್ನುವುದು ಮನೆಯವರದೇ ತೀರ್ಮಾನ. ಅದಕ್ಕೇ ತಿಳಿದು ಮಾಡಬೇಕು.

ಮಂಗಳೂರು ಹೆಂಚಿನ ಮಾಡು ಹೇಗೆ ನಿಂತಿದೆ ನೋಡಿ. ಗೋಡೆ ಮೇಲೆ ತೊಲೆ, ಅದರ ಮೇಲೆ ಪಕ್ಕಾಸು, ಪಕ್ಕಾಸಿಗೆ ಅಡ್ಡಲಾಗಿ ರೀಪು, ರೀಪಿಗೆ ಸಿಕ್ಕಿಸಿದ ಹೆಂಚು. ಹೆಂಚಿಗೆ ಮೊಳೆ ಇಲ್ಲ. ತನ್ನ ಭಾರದಲ್ಲೇ ಕೂತಿರುತ್ತದೆ. ಒಂದು ಹೆಂಚು ಎರಡು ಕಿಲೋ ಮೀರುತ್ತದೆ. ಒಂದು ಚದರ ಮೀಟರಿಗೆ ಹದಿನೈದರಷ್ಟು ಹಿಡಿದರೆ ಮೂವತ್ತೈದು ಕಿಲೋ ಹತ್ತಿರ. ಪ್ಯಾನಲ್ ಮತ್ತು ಅದರ ಚೌಕಟ್ಟು ಸೇರಿ ಅಷ್ಟೇ ಜಾಗಕ್ಕೆ ಹದಿನೈದು ಕಿಲೋ ಆಸುಪಾಸು. ಗಟ್ಟಿ ಮರದ ಮಾಡು ಇದನ್ನು ಹೊರಬಲ್ಲದು. ಆದರೆ ಪಕ್ಕಾಸಿನ ತುದಿ ಗೋಡೆಯೊಳಗೆ ಹೋಗುವ ಕಡೆ ಗೆದ್ದಲು ಹಿಡಿದಿದೆಯಾ? ಸೋರಿ ಮರ ಕುಂಬಾಗಿದೆಯಾ? ಇದನ್ನು ಫೋಟೋದಲ್ಲಿ ಹೇಳಲಾಗದು. ಬಡಗಿಯನ್ನು ಅಟ್ಟಕ್ಕೆ ಹತ್ತಿಸಿ, ಉಳಿಯಿಂದ ಚುಚ್ಚಿ ನೋಡಬೇಕು. ಸೋಲಾರ್ ವಾಟರ್ ಹೀಟರ್ ಆದರೆ ಇನ್ನೂ ಹುಷಾರು. 200 ಲೀಟರ್ ಟ್ಯಾಂಕ್ ಎಂದರೆ ನೀರೇ 200 ಕಿಲೋ, ಅದೂ ಒಂದೇ ಕಡೆ ಕೂರುವ ಭಾರ.

ಭಾರಕ್ಕಿಂತ ದೊಡ್ಡ ವಿಷಯ ಗಾಳಿ. ಆಷಾಢದ ಗಾಳಿಗೆ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚಿದರೆ ಏನಾಗುತ್ತದೆ ಗೊತ್ತಲ್ಲ. ಪ್ಯಾನಲ್ ಕೂಡ ಹಾಗೆ ಮೇಲಕ್ಕೆ ಎಳೆಯುತ್ತದೆ. ಹೆಂಚುಗಳ ಸಂದಿಯಿಂದ ಗಾಳಿ ಹೋಗಿಬಿಡುತ್ತದೆ, ಗಾಜಿನ ಹಲಗೆಯಲ್ಲಿ ಸಂದಿ ಇಲ್ಲ. ಆದ್ದರಿಂದ ಅದನ್ನು ಹೆಂಚಿಗಲ್ಲ, ಕೆಳಗಿನ ಪಕ್ಕಾಸಿಗೇ ಬಿಗಿಯಬೇಕು. ಹೆಂಚಿನ ಸಂದಿಯಲ್ಲಿ ಹೊರಬರುವ ಬಾಗಿದ ಕೊಂಡಿಗಳು ಇದಕ್ಕೆಂದೇ ಸಿಗುತ್ತವೆ. ಹೆಂಚನ್ನೇ ತೂತು ಮಾಡಿ ಬೋಲ್ಟ್ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಮೊದಲ ಮಳೆಗೇ ಸೋರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ, ಕಂಪನಿಯವರ ಕಾಗದದಲ್ಲಿ ಅದು ಇರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತೇವಲ್ಲ, ಒಡೆದದ್ದು ತೆಗೆದು, ಜಾರಿದ್ದು ಸರಿ ಮಾಡಿ, ಕಸ ಗುಡಿಸಿ. ಮಂಗಗಳ ಕಾಟ ಇರುವ ಕಡೆಯಂತೂ ವರ್ಷಕ್ಕೆ ಎರಡು ಸಲ. ಪ್ಯಾನಲ್ ಹೊದಿಸಿದ ಜಾಗದಲ್ಲಿ ಇದನ್ನು ಮಾಡುವುದು ಹೇಗೆ? ಅದರ ಅಡಿ ಒಂದು ಹೆಂಚು ಸೀಳಿದರೆ, ಪ್ಯಾನಲ್ ಬಿಚ್ಚದೆ ಬದಲಿಸಲಾಗದು. ಹೆಂಚಿನ ಮಾಡು ಕೈಯಾಡಿಸುತ್ತಿದ್ದರೆ ಮಾತ್ರ ಬಾಳುತ್ತದೆ. ಹಳೇ ಮನೆ ಬಿದ್ದುಹೋಗುವುದು ಬಹಳ ಸಲ ಭಾರಕ್ಕಲ್ಲ, ಯಾರೂ ನೋಡದ ಒಂದು ಸೋರಿಕೆಗೆ.

ಆದ್ದರಿಂದ ಮೊದಲು ಹುಡುಕಬೇಕಾದ್ದು ಬೇರೆ ಜಾಗ. ಕೊಟ್ಟಿಗೆಯ ಶೀಟಿನ ಮಾಡು. ಹಿಂದುಗಡೆ ಆಮೇಲೆ ಕಟ್ಟಿಸಿದ ತಾರಸಿ ಕೋಣೆ. ಪಂಪ್‌ಹೌಸ್. ಕಾಫಿ ಗೋಡೌನ್. ಕಾಫಿ ಒಣಗಿಸುವ ಕಣದ ಅಂಚೂ ಆಗಬಹುದು, ಆದರೆ ಚೌಕಟ್ಟಿನ ನೆರಳು ಕಣದ ಮೇಲೆ ಬೀಳಬಾರದು. ಕೊಯ್ಲಿನ ಹೊತ್ತಿನಲ್ಲಿ ಕಾಫಿಗೂ ಅದೇ ಬಿಸಿಲು ಬೇಕು. ನೂರಿನ್ನೂರು ಅಡಿ ದೂರ ದೊಡ್ಡ ವಿಷಯವಲ್ಲ, ತಕ್ಕಷ್ಟು ದಪ್ಪ ವೈರ್ ಹಾಕಬೇಕು ಅಷ್ಟೆ. ಆರಿಸಿದ ಜಾಗಕ್ಕೆ ಸಬ್ಸಿಡಿ ಸಿಗುತ್ತದೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ.

ಬೇರೆ ಜಾಗವೇ ಇಲ್ಲ, ಹೆಂಚಿನ ಮೇಲೇ ಹಾಕಬೇಕು ಎಂದಾದರೆ? ದಕ್ಷಿಣಕ್ಕೆ ಮುಖ ಮಾಡಿದರೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನಮ್ಮ ಜಿಲ್ಲೆಗಳು ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿ ಮೇಲೇ ಬರುತ್ತಾನೆ. ಡಿಸೆಂಬರಿನ ಮಧ್ಯಾಹ್ನವೂ ಸಾಕಷ್ಟು ಎತ್ತರದಲ್ಲಿರುತ್ತಾನೆ. ಯುರೋಪಿನ ಮನೆಗಳಷ್ಟು ನಮಗೆ ದಿಕ್ಕಿನ ಹಂಗಿಲ್ಲ. ಪೂರ್ವ ಅಥವಾ ಪಶ್ಚಿಮದ ಇಳಿಜಾರಿನಲ್ಲಿ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೆ. ಬೀದಿಗೆ ಕಾಣುವ ಮುಂಬದಿಯನ್ನು ಬಿಟ್ಟು ಪಕ್ಕದ ಇಳಿಜಾರನ್ನು ಆರಿಸಿಕೊಳ್ಳಬಹುದು. ತೊಟ್ಟಿ ಮನೆಗೆ ಇನ್ನೊಂದು ಅನುಕೂಲವಿದೆ. ಉತ್ತರ ದಿಕ್ಕಿನ ಪಡಸಾಲೆಯ ಮಾಡು ತೊಟ್ಟಿಯ ಕಡೆಗೆ ಇಳಿಯುತ್ತದೆ, ಅಂದರೆ ದಕ್ಷಿಣಕ್ಕೆ. ಅದು ಬೀದಿಗೆ ಕಾಣುವುದೇ ಇಲ್ಲ.

ನೆರಳನ್ನು ಮಾತ್ರ ಕಡೆಗಣಿಸಬೇಡಿ. ಪ್ಯಾನಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ತೋಟಕ್ಕೆ ನೀರು ಬಿಟ್ಟಾಗ ಪೈಪನ್ನು ಒಂದು ಕಡೆ ತುಳಿದರೆ ಕೊನೆಯವರೆಗೂ ನೀರು ಸಣ್ಣಗಾಗುತ್ತದಲ್ಲ, ಹಾಗೆ ಒಂದು ಪ್ಯಾನಲ್ ಮೇಲೆ ಸಿಲ್ವರ್ ಓಕ್ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಇಳಿಯುತ್ತದೆ. ಇದಕ್ಕೆ ಪ್ಯಾನಲ್‌ನಲ್ಲೇ ಸ್ವಲ್ಪ ಪರಿಹಾರ ಇಟ್ಟಿರುತ್ತಾರೆ, ಪೂರ್ತಿ ಅಲ್ಲ. ಮಳೆಗಾಲದ ಇಳಿಕೆಗಂತೂ ಪರಿಹಾರವಿಲ್ಲ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಬರುವ ಯೂನಿಟ್ ಲೆಕ್ಕ ಹಿಡಿದು ಶೃಂಗೇರಿಯ ಜುಲೈ ತಿಂಗಳನ್ನು ಅಳೆಯಬೇಡಿ.

ಇಲಿ, ಸಿಡಿಲು, ವೈರು

ಪ್ಯಾನಲ್ ಮೇಲೆ ಬಿಸಿಲಿರುವ ತನಕ ಅದರ ವೈರಿನಲ್ಲಿ ಕರೆಂಟ್ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿದರೂ ಪ್ಯಾನಲ್‌ನಿಂದ ಇನ್ವರ್ಟರ್‌ವರೆಗಿನ ವೈರು ಜೀವಂತ. ಒಣ ಮರದ ಅಟ್ಟದಲ್ಲಿ ಇಲಿ ಆ ವೈರನ್ನು ಕಡಿದರೆ ಕಿಡಿ ಏಳಬಹುದು. ಹಾಗಾಗಿ ಈ ವೈರು ಅಟ್ಟದೊಳಗೆ ಬರಬಾರದು. ಹೊರಗೋಡೆಯ ಮೇಲೆ, ಪೈಪಿನೊಳಗೆ ಇಳಿಯಲಿ. ಇನ್ವರ್ಟರ್ ಕೂಡ ಮರದ ಗೋಡೆಗೆ ಬೇಡ. ಏಪ್ರಿಲ್, ಮೇ ತಿಂಗಳ ಸಿಡಿಲು ನಮಗೆ ಹೊಸದಲ್ಲ. ಅರ್ತಿಂಗ್ ಮತ್ತು ಸಿಡಿಲು ತಡೆಯನ್ನು ಖರ್ಚು ಉಳಿಸಲು ಬಿಡಬೇಡಿ.

ಕರೆಂಟ್ ಹೋದರೆ ಸೋಲಾರ್ ಬರುತ್ತದಾ?

ಮರ ಬಿದ್ದು ಎರಡು ದಿನ ಲೈನ್ ಇಲ್ಲದಿರುವುದು ನಮ್ಮ ಕಡೆ ಮಾಮೂಲು. ಸೋಲಾರ್ ಇದ್ದರೆ ಆ ಚಿಂತೆ ಇಲ್ಲ ಎಂದು ಹಲವರು ಅಂದುಕೊಂಡಿದ್ದಾರೆ. ಬ್ಯಾಟರಿ ಇಲ್ಲದ ಮಾಮೂಲಿ ನೆಟ್ ಮೀಟರ್ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಕಂಬದ ಮೇಲೆ ಲೈನ್‌ಮ್ಯಾನ್ ವೈರು ಕಟ್ಟುತ್ತಿರುವಾಗ ನಿಮ್ಮ ಮನೆಯಿಂದ ಕರೆಂಟ್ ಹರಿದರೆ ಅವರ ಜೀವಕ್ಕೇ ಅಪಾಯ. ಕರೆಂಟ್ ಹೋದಾಗಲೂ ಬೇಕು ಎಂದರೆ ಬ್ಯಾಟರಿ ಸೇರಿರುವ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಖರ್ಚು ಜಾಸ್ತಿ.

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡರು. ಬಡಗಿ ಬಂದು ನೋಡಿದ. ಮನೆಯ ಎರಡು ಪಕ್ಕಾಸು ಬದಲಿಸಬೇಕು ಎಂದ, ಅದು ಈ ನೆಪದಲ್ಲಾದರೂ ಗೊತ್ತಾಯಿತು. 2 ಕಿಲೋವ್ಯಾಟ್ ಸೋಲಾರ್ ಕೊಟ್ಟಿಗೆಯ ಶೀಟಿನ ಮೇಲೆ ಕೂತಿತು. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವವರು ಎಂದಿನಂತೆ ಏಣಿ ಹಾಕಿ ಮನೆಯ ಮಾಡು ಹತ್ತಿದರು.